ಸ್ಕೀ ಜಿಗಿತ

ಸ್ಕೀ ಜಿಗಿತ ಅಥವಾ ಸ್ಕೀ ಜಂಪಿಂಗ್ ಹಿಮದ ಮೇಲೆ ನಡೆಯುವ ಚಳಿಗಾಲದ ಸ್ಪರ್ಧಾತ್ಮಕ ಕ್ರೀಡೆಗಳಲ್ಲಿ ಒಂದು. ಇದರಲ್ಲಿ ಕ್ರೀಡಾಪಟುವು ಕಾಲಿಗೆ ಉದ್ದನೆಯ ಸ್ಕೀಗಳನ್ನು ಕಟ್ಟಿಕೊಂಡು, ಇದಕ್ಕೆಂದೇ ನಿರ್ಮಿಸಿದ ಕಡಿದಾದ ಇಳಿಜಾರಿನಲ್ಲಿ ವೇಗವಾಗಿ ಜಾರಿ ಬಂದು, ಅದರ ತುದಿಯಿಂದ ಜಿಗಿದು, ಗಾಳಿಯಲ್ಲಿ ಸಾಧ್ಯವಾದಷ್ಟು ದೂರ ಸಾಗಿ ಕೆಳಗಿನ ಹಿಮದ ಇಳಿಜಾರಿನ ಮೇಲೆ ಇಳಿಯುತ್ತಾನೆ. ಕ್ರಮಿಸಿದ ದೂರ ಮತ್ತು ಹಾರಾಟದ ಶೈಲಿ ಎರಡಕ್ಕೂ ಅಂಕಗಳಿರುತ್ತವೆ. ಗಾಳಿಯ ಸ್ಥಿತಿಗೆ ಅನುಗುಣವಾಗಿ ಈ ಅಂಕಗಳನ್ನು ಸರಿಹೊಂದಿಸಲಾಗುತ್ತದೆ. ಆದ್ದರಿಂದ ಅತಿ ದೂರ ಜಿಗಿದವರೇ ಯಾವಾಗಲೂ ಗೆಲ್ಲುತ್ತಾರೆ ಎಂದು ಹೇಳಲಾಗುವುದಿಲ್ಲ.

ಈ ಕ್ರೀಡೆಯು 19ನೆಯ ಶತಮಾನದಲ್ಲಿ ನಾರ್ವೆ ದೇಶದಲ್ಲಿ ರೂಪುಗೊಂಡಿತು. 1924ರ ಮೊದಲ ಚಳಿಗಾಲದ ಒಲಿಂಪಿಕ್ಸ್‌ನಿಂದಲೂ ಇದು ಒಲಿಂಪಿಕ್ ಕ್ರೀಡೆಯಾಗಿದೆ. ಮಹಿಳೆಯರಿಗೆ ಒಲಿಂಪಿಕ್ಸ್‌ನಲ್ಲಿ ಅವಕಾಶ ದೊರೆತದ್ದು 2014ರಲ್ಲಿ. ನಾರ್ವೆ, ಫಿನ್‌ಲೆಂಡ್, ಆಸ್ಟ್ರಿಯ, ಜರ್ಮನಿ, ಸ್ಲೊವೇನಿಯ, ಪೋಲೆಂಡ್, ಸ್ವಿಟ್ಜರ್ಲೆಂಡ್ ಮತ್ತು ಜಪಾನ್ ಈ ಕ್ರೀಡೆಯಲ್ಲಿ ಹೆಚ್ಚಿನ ಸಾಧನೆ ಮಾಡಿರುವ ದೇಶಗಳು. ಅಂತರರಾಷ್ಟ್ರೀಯ ಮಟ್ಟದಲ್ಲಿ ಈ ಕ್ರೀಡೆಯನ್ನು 1924ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಸ್ಕೀ ಒಕ್ಕೂಟವು ನಿಯಂತ್ರಿಸುತ್ತದೆ.

ಸ್ಕೀ ಜಿಗಿತದ ನಿಯಮಗಳು ಮೇಲ್ನೋಟಕ್ಕೆ ಜಟಿಲವಾಗಿ ಕಾಣುತ್ತವೆ. ದಿಬ್ಬದ ಅಳತೆ, ಗಾಳಿಯ ಅಂಕ, ಸ್ಕೀಯ ಉದ್ದ, ದೇಹದ ತೂಕ, ಪೋಷಾಕಿನ ಬಟ್ಟೆ ಹೀಗೆ ಪ್ರತಿಯೊಂದಕ್ಕೂ ಮಿತಿಗಳಿವೆ. ಇವುಗಳಲ್ಲಿ ಬಹುಪಾಲು ನಿಯಮಗಳು ಎರಡು ಕಾರಣಗಳಿಂದ ಹುಟ್ಟಿದವು. ಹಾರಾಟದ ದೂರ ಹೆಚ್ಚಿದಂತೆ ಪ್ರಾಣಾಪಾಯವೂ ಹೆಚ್ಚುತ್ತದೆ ಎಂಬುದು ಮೊದಲನೆಯದು. ಗಾಳಿ, ತೂಕ ಅಥವಾ ಬಟ್ಟೆಯಲ್ಲಿನ ಸಣ್ಣ ವ್ಯತ್ಯಾಸವೂ ಹಲವು ಮೀಟರ್‌ಗಳ ಅನುಕೂಲವನ್ನು ತಂದುಕೊಡಬಲ್ಲದು ಎಂಬುದು ಎರಡನೆಯದು.

ಇತಿಹಾಸ

ಆರಂಭ

ನಾರ್ವೆಯ ಗ್ರಾಮೀಣ ಜನರಿಗೆ ಸ್ಕೀಗಳು ಚಳಿಗಾಲದಲ್ಲಿ ಓಡಾಡುವ ಸಾಧನಗಳಾಗಿದ್ದವು. ಇಳಿಜಾರಿನಲ್ಲಿ ಜಾರುವಾಗ ಅಡ್ಡ ಬರುವ ಏರುತಗ್ಗುಗಳನ್ನು ಹಾರಿ ದಾಟುವುದು ಕ್ರಮೇಣ ಆಟವಾಗಿ ಬೆಳೆಯಿತು. ಸೈನ್ಯಾಧಿಕಾರಿ ಓಲಾಫ್ ರೈ 1808ರಲ್ಲಿ 9.5 ಮೀಟರ್ ದೂರ ಜಿಗಿದದ್ದನ್ನು ಈ ಕ್ರೀಡೆಯ ಮೊದಲ ದಾಖಲಿತ ಜಿಗಿತವೆಂದು ಸಾಮಾನ್ಯವಾಗಿ ಪರಿಗಣಿಸಲಾಗುತ್ತದೆ. 1862ರಲ್ಲಿ ನಾರ್ವೆಯ ಟ್ರೈಸಿಲ್ ಎಂಬಲ್ಲಿ ಸಾರ್ವಜನಿಕ ಸ್ಪರ್ಧೆಯೊಂದು ನಡೆಯಿತು.

ಟೆಲಿಮಾರ್ಕ್ ಪ್ರಾಂತ್ಯದ ಮೊರ್ಗೆಡಾಲ್ ಊರಿನ ಸೊಂಡ್ರೆ ನೂರ್‌ಹೈಮ್ ಅವರನ್ನು (1825–1897) ಆಧುನಿಕ ಸ್ಕೀ ಕ್ರೀಡೆಯ ಪಿತಾಮಹ ಎಂದು ಕರೆಯಲಾಗುತ್ತದೆ. ಪಾದವನ್ನು ಸ್ಕೀಗೆ ಭದ್ರವಾಗಿ ಹಿಡಿದಿಡುವ ಪಟ್ಟಿಗಳನ್ನು ಅವರು ಸುಧಾರಿಸಿದರು. ಇದರಿಂದ ಜಿಗಿದು ಇಳಿಯುವಾಗ ಸ್ಕೀಗಳು ಕಾಲಿನಿಂದ ಕಳಚಿಕೊಳ್ಳುವುದು ತಪ್ಪಿತು. ಒಂದು ಕಾಲನ್ನು ಮುಂದಿಟ್ಟು, ಮಂಡಿಗಳನ್ನು ಬಾಗಿಸಿ ಇಳಿಯುವ ಭಂಗಿಗೆ ಅವರ ಪ್ರಾಂತ್ಯದ ಹೆಸರಿನಿಂದಲೇ ಟೆಲಿಮಾರ್ಕ್ ಎಂಬ ಹೆಸರು ಬಂದಿತು. ನೂರ್‌ಹೈಮ್ 1884ರಲ್ಲಿ ಅಮೆರಿಕಕ್ಕೆ ವಲಸೆ ಹೋಗಿ ಅಲ್ಲಿನ ಉತ್ತರ ಡಕೋಟಾದಲ್ಲಿ ನಿಧನರಾದರು. ಅವರಂತೆ ವಲಸೆ ಹೋದ ಇತರ ನಾರ್ವೇಜಿಯನ್ನರಿಂದ ಈ ಕ್ರೀಡೆಯು ಉತ್ತರ ಅಮೆರಿಕದಲ್ಲಿಯೂ ಹರಡಿತು.

ಇಂದಿನ ಓಸ್ಲೋ ನಗರದಲ್ಲಿ 1879ರಿಂದ ಹ್ಯೂಸ್‌ಬಿ ದಿಬ್ಬದ ಮೇಲೆ ವಾರ್ಷಿಕ ಸ್ಪರ್ಧೆಗಳು ನಡೆಯುತ್ತಿದ್ದವು. 1892ರಲ್ಲಿ ಅವುಗಳನ್ನು ಹೋಲ್ಮೆನ್‌ಕೋಲೆನ್‌ಗೆ ಸ್ಥಳಾಂತರಿಸಲಾಯಿತು. ಆ ವರ್ಷ ಅಲ್ಲಿ ದಾಖಲಾದ ಅತಿ ದೂರದ ಜಿಗಿತ 21.5 ಮೀಟರ್ ಮಾತ್ರ. ಹೋಲ್ಮೆನ್‌ಕೋಲೆನ್‌ನಲ್ಲಿ ಇಂದಿಗೂ ಅಂತರರಾಷ್ಟ್ರೀಯ ಸ್ಪರ್ಧೆಗಳು ನಡೆಯುತ್ತವೆ.

ಒಲಿಂಪಿಕ್ಸ್‌ನಲ್ಲಿ

1924ರಲ್ಲಿ ಫ್ರಾನ್ಸಿನ ಶಾಮೋನಿಯಲ್ಲಿ ನಡೆದ ಮೊದಲ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ನಾರ್ವೆಯ ಯಾಕೊಬ್ ಟುಲ್ಲಿನ್ ಥಾಮ್ಸ್ ಚಿನ್ನದ ಪದಕ ಗಳಿಸಿದರು. ಕಂಚಿನ ಪದಕವನ್ನು ನಾರ್ವೆಯ ಥೋರ್ಲೈಫ್ ಹಾಗ್ ಅವರಿಗೆ ನೀಡಲಾಗಿತ್ತು. ಅಂಕಗಳನ್ನು ಲೆಕ್ಕ ಹಾಕುವಾಗ ತಪ್ಪಾಗಿತ್ತೆಂಬುದು ಐವತ್ತು ವರ್ಷಗಳ ನಂತರ ಪತ್ತೆಯಾಯಿತು. ಅಷ್ಟರಲ್ಲಿ ಹಾಗ್ ತೀರಿಕೊಂಡಿದ್ದರು. 1974ರಲ್ಲಿ ಅವರ ಮಗಳು ಆ ಪದಕವನ್ನು ನಾರ್ವೆ ಮೂಲದ ಅಮೆರಿಕದ ಜಿಗಿತಗಾರ, 85 ವರ್ಷದ ಆಂಡರ್ಸ್ ಹೌಗೆನ್ ಅವರಿಗೆ ಓಸ್ಲೋದಲ್ಲಿ ಹಸ್ತಾಂತರಿಸಿದರು.

1960ರವರೆಗೆ ಒಲಿಂಪಿಕ್ಸ್‌ನಲ್ಲಿ ಒಂದೇ ಸ್ಪರ್ಧೆ ಇತ್ತು. 1964ರಿಂದ ಸಾಧಾರಣ ದಿಬ್ಬ ಮತ್ತು ದೊಡ್ಡ ದಿಬ್ಬ ಎಂಬ ಎರಡು ಸ್ಪರ್ಧೆಗಳು ಆರಂಭವಾದವು. ಪುರುಷರ ತಂಡ ಸ್ಪರ್ಧೆಯು 1988ರಲ್ಲಿಯೂ, ಮಹಿಳೆಯರ ಸಾಧಾರಣ ದಿಬ್ಬದ ಸ್ಪರ್ಧೆಯು 2014ರಲ್ಲಿಯೂ, ಮಿಶ್ರ ತಂಡ ಸ್ಪರ್ಧೆಯು 2022ರಲ್ಲಿಯೂ ಸೇರ್ಪಡೆಯಾದವು. 2026ರ ಮಿಲಾನೋ–ಕೊರ್ಟಿನಾ ಕ್ರೀಡಾಕೂಟದ ಕಾರ್ಯಕ್ರಮಕ್ಕೆ ಮಹಿಳೆಯರ ದೊಡ್ಡ ದಿಬ್ಬದ ಸ್ಪರ್ಧೆಯನ್ನು ಸೇರಿಸಲಾಯಿತು.

ಜಿಗಿತದ ದಿಬ್ಬ

ಸ್ಕೀ ಜಿಗಿತಕ್ಕೆ ಬಳಸುವ ದಿಬ್ಬದಲ್ಲಿ ನಾಲ್ಕು ಮುಖ್ಯ ಭಾಗಗಳಿವೆ.

ಮೊದಲನೆಯದು ಜಾರುದಾರಿ. ಇದು ಗೋಪುರದ ಮೇಲೆ ಅಥವಾ ಬೆಟ್ಟದ ಮೈಮೇಲೆ ಇರುವ ಕಡಿದಾದ ಇಳಿಜಾರು. ಇದರಲ್ಲಿ ಸ್ಕೀಗಳು ಸಾಗಲು ಎರಡು ಸಮಾನಾಂತರ ಕಾಲುವೆಗಳಿರುತ್ತವೆ. ಜಿಗಿತಗಾರನು ಅಡ್ಡಪಟ್ಟಿಯೊಂದರ ಮೇಲೆ ಕುಳಿತು, ಹಸಿರು ದೀಪ ಹೊತ್ತಿದ ನಂತರ ತರಬೇತುದಾರನು ಬಾವುಟ ಬೀಸಿದಾಗ ಹೊರಡುತ್ತಾನೆ. ಈ ಅಡ್ಡಪಟ್ಟಿಯ ಸ್ಥಾನವನ್ನು ಗೇಟ್ ಎನ್ನುತ್ತಾರೆ. ಗೇಟನ್ನು ಮೇಲಕ್ಕೆ ಸರಿಸಿದರೆ ಜಿಗಿಯುವಾಗಿನ ವೇಗ ಹೆಚ್ಚುತ್ತದೆ, ಕೆಳಕ್ಕೆ ಸರಿಸಿದರೆ ಕಡಿಮೆಯಾಗುತ್ತದೆ.

ಎರಡನೆಯದು ಜಿಗಿಯುವ ಕಟ್ಟೆ. ನೋಡುವವರಿಗೆ ಇದು ಜಿಗಿತಗಾರನನ್ನು ಮೇಲಕ್ಕೆ ಚಿಮ್ಮಿಸುವಂತೆ ಕಂಡರೂ ವಾಸ್ತವದಲ್ಲಿ ಇದು ಸುಮಾರು 10ರಿಂದ 11 ಡಿಗ್ರಿಗಳಷ್ಟು ಕೆಳಮುಖವಾಗಿಯೇ ಇರುತ್ತದೆ. ಮೇಲಕ್ಕೆ ಏರಲು ಬೇಕಾದ ಬಲವೆಲ್ಲ ಜಿಗಿತಗಾರನ ಕಾಲುಗಳಿಂದಲೇ ಬರಬೇಕು. ದೊಡ್ಡ ದಿಬ್ಬಗಳಲ್ಲಿ ಗಂಟೆಗೆ ಸುಮಾರು 90 ಕಿ.ಮೀ. ವೇಗದಲ್ಲಿ ಬರುವಾಗ ಇದಕ್ಕೆ ದೊರೆಯುವ ಕಾಲ ಸೆಕೆಂಡಿನ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚಿರುವುದಿಲ್ಲ.

ಮೂರನೆಯದು ಇಳಿಯುವ ಇಳಿಜಾರು. ಜಿಗಿತಗಾರನು ಗಾಳಿಯಲ್ಲಿ ಸಾಗುವ ಹಾದಿಯನ್ನು ಅನುಸರಿಸುವಂತೆಯೇ ಇದರ ಬಾಗನ್ನು ರೂಪಿಸಲಾಗಿರುತ್ತದೆ. ಆದ್ದರಿಂದ ಹಾರಾಟದ ಬಹುಭಾಗದಲ್ಲಿ ಜಿಗಿತಗಾರನು ನೆಲದಿಂದ ಕೆಲವೇ ಮೀಟರ್ ಎತ್ತರದಲ್ಲಿರುತ್ತಾನೆ. ನಾಲ್ಕನೆಯದು ವೇಗವನ್ನು ತಗ್ಗಿಸಿ ನಿಲ್ಲಲು ಬಿಟ್ಟಿರುವ ಸಮತಟ್ಟಾದ ಬಯಲು.

ಕೆ-ಬಿಂದು ಮತ್ತು ದಿಬ್ಬದ ಗಾತ್ರ

ಇಳಿಯುವ ಇಳಿಜಾರಿನ ಮೇಲೆ ಎರಡು ಮುಖ್ಯ ಗುರುತುಗಳಿರುತ್ತವೆ. ಇಳಿಜಾರಿನ ಕಡಿದಾದ ಭಾಗ ಮುಗಿದು ಸಮತಟ್ಟಾಗತೊಡಗುವ ಸ್ಥಳದ ಸಮೀಪವಿರುವ ಗುರುತನ್ನು ಕೆ-ಬಿಂದು ಎನ್ನುತ್ತಾರೆ. ಇದೇ ಅಂಕ ಲೆಕ್ಕದ ಆಧಾರ. ಅದಕ್ಕಿಂತ ಮುಂದೆ, ಸುರಕ್ಷಿತವಾಗಿ ಇಳಿಯಬಹುದಾದ ಭಾಗದ ಕೊನೆಯನ್ನು ಸೂಚಿಸುವ ಗುರುತನ್ನು ದಿಬ್ಬದ ಗಾತ್ರ ಎನ್ನುತ್ತಾರೆ. ಈ ಗುರುತನ್ನು ದಾಟಿ ಇಳಿದರೆ ನೆಲ ಸಮತಟ್ಟಾಗುತ್ತ ಹೋಗುವುದರಿಂದ ಕಾಲುಗಳ ಮೇಲೆ ಬೀಳುವ ಆಘಾತ ತೀವ್ರವಾಗಿ ಹೆಚ್ಚುತ್ತದೆ.

ದಿಬ್ಬದ ಗಾತ್ರವು 85ರಿಂದ 109 ಮೀಟರ್ ಇದ್ದರೆ ಸಾಧಾರಣ ದಿಬ್ಬವೆಂದೂ, 110 ಮೀಟರ್ ಮತ್ತು ಅದಕ್ಕಿಂತ ಹೆಚ್ಚಿದ್ದರೆ ದೊಡ್ಡ ದಿಬ್ಬವೆಂದೂ, 185 ಮೀಟರ್ ಅಥವಾ ಅದಕ್ಕೂ ಹೆಚ್ಚಿದ್ದರೆ ಹಾರಾಟದ ದಿಬ್ಬವೆಂದೂ ವಿಂಗಡಿಸಲಾಗುತ್ತದೆ. ಕೊನೆಯ ಬಗೆಯ ದಿಬ್ಬಗಳಲ್ಲಿ ನಡೆಯುವ ಸ್ಪರ್ಧೆಗೆ ಸ್ಕೀ ಹಾರಾಟ ಎಂಬ ಪ್ರತ್ಯೇಕ ಹೆಸರಿದೆ.

ಹಾರಾಟದ ಭೌತಶಾಸ್ತ್ರ

ದೊಡ್ಡ ದಿಬ್ಬವೊಂದರಲ್ಲಿ ಜಿಗಿಯುವ ಕಟ್ಟೆಗೂ ಕೆ-ಬಿಂದುವಿಗೂ ನಡುವೆ ಎತ್ತರದಲ್ಲಿ ಸುಮಾರು 60 ಮೀಟರ್ ವ್ಯತ್ಯಾಸವಿರಬಹುದು. ಅಷ್ಟು ಎತ್ತರದಿಂದ ಸಮತಟ್ಟಾದ ನೆಲಕ್ಕೆ ಬಿದ್ದ ಮನುಷ್ಯ ಬದುಕುವುದು ಕಷ್ಟ. ಜಿಗಿತಗಾರನು ಸುರಕ್ಷಿತವಾಗಿ ಇಳಿಯಲು ಇಳಿಜಾರಿನ ಕೋನವೇ ಕಾರಣ. ಆಘಾತವನ್ನು ನಿರ್ಧರಿಸುವುದು ಒಟ್ಟು ವೇಗವಲ್ಲ, ನೆಲಕ್ಕೆ ಲಂಬವಾಗಿರುವ ವೇಗದ ಅಂಶ ಮಾತ್ರ. ಹಾರಾಟದ ಹಾದಿಯೂ ಇಳಿಜಾರೂ ಬಹುತೇಕ ಸಮಾನಾಂತರವಾಗಿರುವುದರಿಂದ ಈ ಅಂಶವು ಚಿಕ್ಕದಾಗಿರುತ್ತದೆ.

ಗಾಳಿಯಲ್ಲಿ ಜಿಗಿತಗಾರನ ಮೇಲೆ ಮೂರು ಬಲಗಳು ಕೆಲಸ ಮಾಡುತ್ತವೆ. ಗುರುತ್ವ ಬಲವು ಕೆಳಕ್ಕೆ ಎಳೆಯುತ್ತದೆ. ಗಾಳಿಯ ಪ್ರತಿರೋಧವು ವೇಗವನ್ನು ತಗ್ಗಿಸುತ್ತದೆ. ದೇಹ ಮತ್ತು ಸ್ಕೀಗಳ ಕೆಳಭಾಗಕ್ಕೆ ಗಾಳಿ ಬಡಿಯುವುದರಿಂದ ಉಂಟಾಗುವ ಎತ್ತುವ ಬಲವು ವಿಮಾನದ ರೆಕ್ಕೆಯ ಮೇಲಿನಂತೆ ಮೇಲಕ್ಕೆ ತಳ್ಳುತ್ತದೆ. ಪ್ರತಿರೋಧವನ್ನು ಹೆಚ್ಚಿಸದೆ ಎತ್ತುವ ಬಲವನ್ನು ಹೆಚ್ಚಿಸಿಕೊಳ್ಳುವುದೇ ಹಾರಾಟದ ಕೌಶಲ.

ಇಲ್ಲಿ ಗಾಳಿಯ ಪಾತ್ರ ಸಾಮಾನ್ಯ ತಿಳಿವಳಿಕೆಗೆ ವಿರುದ್ಧವಾಗಿದೆ. ಓಟಗಾರನಿಗೆ ಅಥವಾ ಸೈಕಲ್ ಸವಾರನಿಗೆ ಎದುರುಗಾಳಿ ತೊಡಕು. ಸ್ಕೀ ಜಿಗಿತಗಾರನಿಗೆ ಅದು ಅನುಕೂಲ, ಏಕೆಂದರೆ ಎದುರಿನಿಂದ ಬೀಸುವ ಗಾಳಿಯು ಎತ್ತುವ ಬಲವನ್ನು ಹೆಚ್ಚಿಸುತ್ತದೆ. ಹಿಂದಿನಿಂದ ಬೀಸುವ ಗಾಳಿಯು ಜಿಗಿತಗಾರನನ್ನು ಬೇಗನೆ ನೆಲಕ್ಕೆ ಇಳಿಸುತ್ತದೆ.

ತಂತ್ರಗಳ ಬೆಳವಣಿಗೆ

ಆರಂಭದ ಜಿಗಿತಗಾರರು ಗಾಳಿಯಲ್ಲಿ ಬಹುತೇಕ ನೆಟ್ಟಗೆ ನಿಂತಿರುತ್ತಿದ್ದರು. ಮೊದಲ ಮಹಾಯುದ್ಧದ ನಂತರ ನಾರ್ವೆಯ ಥಾಮ್ಸ್ ಮತ್ತು ಸಿಗ್ಮಂಡ್ ರೂಡ್ ಸೊಂಟವನ್ನು ಬಾಗಿಸಿ ಮುಂದಕ್ಕೆ ವಾಲುವ ಕಾಂಗ್ಸ್‌ಬರ್ಗ್ ತಂತ್ರವನ್ನು ರೂಢಿಗೆ ತಂದರು. 1950ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಆಂಡ್ರಿಯಾಸ್ ಡೇಷರ್ ಕೈಗಳನ್ನು ಹಿಂದಕ್ಕೆ ಚಾಚಿ ಪಕ್ಕಕ್ಕೆ ಇಟ್ಟುಕೊಳ್ಳುವ ವಿಧಾನವನ್ನು ಜನಪ್ರಿಯಗೊಳಿಸಿದರು. ಈ ಎಲ್ಲ ವಿಧಾನಗಳಲ್ಲಿ ಎರಡು ಸ್ಕೀಗಳು ಒಂದಕ್ಕೊಂದು ಸಮಾನಾಂತರವಾಗಿರಬೇಕಿತ್ತು.

1980ರ ದಶಕದ ಮಧ್ಯದಲ್ಲಿ ಸ್ವೀಡನ್ನಿನ ಯಾನ್ ಬೋಕ್ಲೋವ್ ಸ್ಕೀಗಳ ಮುಂಭಾಗವನ್ನು ಅಗಲಿಸಿ, ಹಿಂಭಾಗವನ್ನು ಹತ್ತಿರಕ್ಕೆ ತಂದು ಹಾರತೊಡಗಿದರು. ಎದುರಿನಿಂದ ನೋಡಿದರೆ ಸ್ಕೀಗಳು ಇಂಗ್ಲಿಷಿನ 'ವಿ' ಅಕ್ಷರದಂತೆ ಕಾಣುತ್ತಿದ್ದವು. ಹೀಗೆ ಅಗಲಿಸಿದಾಗ ದೇಹಕ್ಕೂ ಸ್ಕೀಗಳಿಗೂ ನೇರವಾಗಿ ತಗಲುವ ಗಾಳಿ ಹೆಚ್ಚಿ, ಎತ್ತುವ ಬಲವು ಗಣನೀಯವಾಗಿ ವೃದ್ಧಿಸುತ್ತದೆ. ಅಂದಿನ ತೀರ್ಪುಗಾರರು ಇದನ್ನು ಅಂದಗೆಟ್ಟ ಶೈಲಿಯೆಂದು ಪರಿಗಣಿಸಿ ಅಂಕಗಳನ್ನು ಕಡಿತಗೊಳಿಸುತ್ತಿದ್ದರು. ಶೈಲಿಯ ಅಂಕಗಳನ್ನು ಕಳೆದುಕೊಂಡರೂ ಬೋಕ್ಲೋವ್ ದೂರದ ಬಲದಿಂದಲೇ 1988–89ರ ವಿಶ್ವಕಪ್ ಗೆದ್ದರು. 1990ರ ದಶಕದ ಆರಂಭದ ಕೆಲವೇ ವರ್ಷಗಳಲ್ಲಿ ಉಳಿದ ಜಿಗಿತಗಾರರೂ ಇದೇ ಶೈಲಿಗೆ ಬದಲಾದರು. ದಂಡಕ್ಕೆ ಗುರಿಯಾಗಿದ್ದ ವಿ-ಶೈಲಿಯೇ ಇಂದು ಎಲ್ಲರೂ ಬಳಸುವ ಶೈಲಿಯಾಗಿದೆ.

ಅಂಕ ನೀಡುವ ವಿಧಾನ

ಸಾಮಾನ್ಯವಾಗಿ ವೈಯಕ್ತಿಕ ಸ್ಪರ್ಧೆಯಲ್ಲಿ ಎರಡು ಸುತ್ತುಗಳಿರುತ್ತವೆ. ಪುರುಷರ ವಿಶ್ವಕಪ್‌ನಲ್ಲಿ ಮೊದಲ ಸುತ್ತಿಗೆ 50 ಮಂದಿಗೆ ಅವಕಾಶವಿದ್ದು, ಅವರಲ್ಲಿ ಮೊದಲ 30 ಮಂದಿ ಎರಡನೆಯ ಸುತ್ತಿಗೆ ಹೋಗುತ್ತಾರೆ. ಎರಡೂ ಸುತ್ತುಗಳ ಅಂಕಗಳನ್ನು ಕೂಡಿಸಿ ವಿಜೇತರನ್ನು ನಿರ್ಧರಿಸಲಾಗುತ್ತದೆ.

ದೂರದ ಅಂಕ: ಕೆ-ಬಿಂದುವಿನವರೆಗೆ ಜಿಗಿದವರಿಗೆ 60 ಅಂಕ ದೊರೆಯುತ್ತದೆ. ಸ್ಕೀ ಹಾರಾಟದಲ್ಲಿ ಇದು 120 ಅಂಕ. ಅದಕ್ಕಿಂತ ಹೆಚ್ಚಿನ ಪ್ರತಿ ಮೀಟರಿಗೆ ಅಂಕ ಸೇರುತ್ತದೆ, ಕಡಿಮೆಯಾದ ಪ್ರತಿ ಮೀಟರಿಗೆ ಕಳೆಯುತ್ತದೆ. ಸಾಮಾನ್ಯವಾಗಿ ಒಂದು ಮೀಟರಿನ ಬೆಲೆ ಸಾಧಾರಣ ದಿಬ್ಬದಲ್ಲಿ 2 ಅಂಕ, ದೊಡ್ಡ ದಿಬ್ಬದಲ್ಲಿ 1.8 ಅಂಕ, ಹಾರಾಟದ ದಿಬ್ಬದಲ್ಲಿ 1.2 ಅಂಕ. ದೂರವನ್ನು ಅರ್ಧ ಮೀಟರಿನ ನಿಖರತೆಯಲ್ಲಿ ಅಳೆಯಲಾಗುತ್ತದೆ.

ಶೈಲಿಯ ಅಂಕ: ಐವರು ತೀರ್ಪುಗಾರರಲ್ಲಿ ಪ್ರತಿಯೊಬ್ಬರೂ ಗರಿಷ್ಠ 20 ಅಂಕಗಳನ್ನು ನೀಡಬಹುದು. ಹಾರಾಟದಲ್ಲಿನ ಸ್ಥಿರತೆ, ಇಳಿಯುವಾಗಿನ ಟೆಲಿಮಾರ್ಕ್ ಭಂಗಿ ಮತ್ತು ಇಳಿದ ನಂತರದ ಸಮತೋಲನವನ್ನು ಅವರು ಗಮನಿಸುತ್ತಾರೆ. ಅತಿ ಹೆಚ್ಚಿನ ಮತ್ತು ಅತಿ ಕಡಿಮೆಯ ಅಂಕಗಳನ್ನು ಬಿಟ್ಟು ಉಳಿದ ಮೂರನ್ನು ಕೂಡಿಸಲಾಗುತ್ತದೆ. ಹೀಗಾಗಿ ಶೈಲಿಗೆ ಗರಿಷ್ಠ 60 ಅಂಕಗಳಿವೆ.

ಗಾಳಿ ಮತ್ತು ಗೇಟ್‌ನ ಅಂಕ: ಇಳಿಜಾರಿನ ಉದ್ದಕ್ಕೂ ಇರಿಸಿದ ಮಾಪಕಗಳು ಪ್ರತಿ ಜಿಗಿತದ ವೇಳೆ ಗಾಳಿಯನ್ನು ಅಳೆಯುತ್ತವೆ. ಎದುರುಗಾಳಿಯ ಲಾಭ ಪಡೆದವರಿಗೆ ಅಂಕ ಕಡಿತವಾಗುತ್ತದೆ, ಹಿಂದಿನಿಂದ ಗಾಳಿ ಬೀಸಿದವರಿಗೆ ಅಂಕ ಸೇರುತ್ತದೆ. ಸ್ಪರ್ಧೆಯ ನಡುವೆ ಗೇಟ್ ಬದಲಾದರೆ ಅದಕ್ಕೂ ಇದೇ ರೀತಿಯ ಲೆಕ್ಕವಿದೆ.

ಉದಾಹರಣೆಗೆ, ಕೆ-ಬಿಂದುವು 90 ಮೀಟರ್ ಇರುವ ದಿಬ್ಬದಲ್ಲಿ ಒಬ್ಬರು 98.5 ಮೀಟರ್ ಜಿಗಿದರು ಎಂದುಕೊಳ್ಳೋಣ. ಹೆಚ್ಚುವರಿ 8.5 ಮೀಟರಿಗೆ 17 ಅಂಕ ಸೇರಿ ದೂರದ ಅಂಕ 77 ಆಗುತ್ತದೆ. ತೀರ್ಪುಗಾರರು 17.5, 18, 18.5, 18.5 ಮತ್ತು 19 ಅಂಕ ನೀಡಿದರೆ 17.5 ಮತ್ತು 19ನ್ನು ಬಿಟ್ಟು ಶೈಲಿಯ ಅಂಕ 55. ಎರಡೂ ಸೇರಿ 132. ಎದುರುಗಾಳಿಯ ಅನುಕೂಲಕ್ಕಾಗಿ 3.4 ಅಂಕ ಕಡಿತವಾದರೆ ಆ ಜಿಗಿತದ ಒಟ್ಟು ಅಂಕ 128.6.

ಗಾಳಿಯ ಅಂಕಗಳನ್ನು 2009ರಲ್ಲಿ ಪ್ರಾಯೋಗಿಕವಾಗಿ ಜಾರಿಗೆ ತರಲಾಯಿತು. ಅದಕ್ಕಿಂತ ಮೊದಲು ಸುತ್ತಿನ ನಡುವೆ ಗಾಳಿ ಬಲವಾದರೆ ಜಿಗಿತಗಳು ಅಪಾಯಕಾರಿಯಾಗಿ ಉದ್ದವಾಗುತ್ತಿದ್ದವು. ಆಗ ಗೇಟನ್ನು ಕೆಳಗಿಳಿಸಿ ಇಡೀ ಸುತ್ತನ್ನು ಮೊದಲಿನಿಂದ ಆರಂಭಿಸಬೇಕಾಗುತ್ತಿತ್ತು. ಈಗ ಸುತ್ತನ್ನು ರದ್ದುಗೊಳಿಸದೆ ಗೇಟನ್ನು ಬದಲಾಯಿಸಬಹುದು. ತನ್ನ ಜಿಗಿತಗಾರನಿಗೆ ವೇಗ ಅತಿಯಾಗುತ್ತದೆ ಎನಿಸಿದರೆ ತರಬೇತುದಾರನೂ ಕೆಳಗಿನ ಗೇಟನ್ನು ಕೋರಬಹುದು. ಆದರೆ ದಿಬ್ಬದ ಗಾತ್ರದ ಕನಿಷ್ಠ ಶೇ. 95ರಷ್ಟು ದೂರವನ್ನು ತಲುಪಿದರೆ ಮಾತ್ರ ಅದರ ಅಂಕ ದೊರೆಯುತ್ತದೆ. ಈ ಪದ್ಧತಿಯಿಂದ ನ್ಯಾಯಸಮ್ಮತತೆ ಹೆಚ್ಚಿದರೂ, ಜಿಗಿತ ಮುಗಿದ ತಕ್ಷಣ ಗೆದ್ದವರು ಯಾರೆಂದು ಕಣ್ಣಳತೆಯಿಂದ ಹೇಳಲು ಪ್ರೇಕ್ಷಕರಿಗೆ ಸಾಧ್ಯವಾಗುವುದಿಲ್ಲ ಎಂಬ ಆಕ್ಷೇಪವೂ ಇದೆ.

ಸಾಧನಗಳು ಮತ್ತು ದೇಹದ ತೂಕ

ಜಿಗಿತದ ಸ್ಕೀಗಳು ಇತರ ಸ್ಕೀಗಳಿಗಿಂತ ಉದ್ದವಾಗಿಯೂ ಅಗಲವಾಗಿಯೂ ಇರುತ್ತವೆ. ಪಾದದ ಮುಂಭಾಗವನ್ನು ಮಾತ್ರ ಸ್ಕೀಗೆ ಬಂಧಿಸಿರುವುದರಿಂದ ಹಿಮ್ಮಡಿಯನ್ನು ಮೇಲೆತ್ತಿ ದೇಹವನ್ನು ಮುಂದಕ್ಕೆ ಚಾಚಲು ಸಾಧ್ಯವಾಗುತ್ತದೆ. ಕೈಯಲ್ಲಿ ಊರುಗೋಲುಗಳಿರುವುದಿಲ್ಲ. ಶಿರಸ್ತ್ರಾಣ ಧರಿಸುವುದು ಕಡ್ಡಾಯ.

ಹಗುರವಾದ ದೇಹವು ಗಾಳಿಯಲ್ಲಿ ಹೆಚ್ಚು ದೂರ ಸಾಗುತ್ತದೆ. ವಿ-ಶೈಲಿ ಬಂದ ಮೇಲೆ ಈ ಅನುಕೂಲ ಇನ್ನಷ್ಟು ಹೆಚ್ಚಿತು. ಇದರಿಂದಾಗಿ ಜಿಗಿತಗಾರರು ಆರೋಗ್ಯಕ್ಕೆ ಹಾನಿಯಾಗುವಷ್ಟು ತೂಕ ಇಳಿಸಿಕೊಳ್ಳುತ್ತಿದ್ದಾರೆ ಎಂಬ ಕಳವಳ 1990ರ ದಶಕದಿಂದ ವ್ಯಕ್ತವಾಗತೊಡಗಿತು. ಇದನ್ನು ತಡೆಯಲು 2004–05ರ ಋತುವಿನಿಂದ ಸ್ಕೀಯ ಉದ್ದವನ್ನು ದೇಹದ ಎತ್ತರ ಮತ್ತು ತೂಕದ ಅನುಪಾತಕ್ಕೆ ಜೋಡಿಸಲಾಯಿತು. ಸಾಕಷ್ಟು ತೂಕವಿರುವವರು ತಮ್ಮ ಎತ್ತರದ ಶೇ. 145ರಷ್ಟು ಉದ್ದದ ಸ್ಕೀ ಬಳಸಬಹುದು. 1.75 ಮೀಟರ್ ಎತ್ತರದವರಿಗೆ ಇದು ಸುಮಾರು 2.54 ಮೀಟರ್ ಆಗುತ್ತದೆ. ತೂಕವು ನಿಗದಿತ ಮಿತಿಗಿಂತ ಕಡಿಮೆಯಿದ್ದರೆ ಮೋಟಾದ ಸ್ಕೀ ಬಳಸಬೇಕು. ಸ್ಕೀ ಚಿಕ್ಕದಾದರೆ ಎತ್ತುವ ಬಲವೂ ಕುಗ್ಗುತ್ತದೆ. ಹೀಗೆ ಅತಿಯಾಗಿ ತೂಕ ಇಳಿಸುವುದರಿಂದ ಸಿಗುವ ಲಾಭವನ್ನು ನಿಯಮವು ತಗ್ಗಿಸುತ್ತದೆ.

ಪೋಷಾಕು ಸಡಿಲವಾಗಿದ್ದಷ್ಟೂ ಗಾಳಿಗೆ ತಗಲುವ ಮೇಲ್ಮೈ ಹೆಚ್ಚುತ್ತದೆ. ಆದ್ದರಿಂದ ಅದರ ದಪ್ಪ, ಅದರ ಮೂಲಕ ಹಾದುಹೋಗಬೇಕಾದ ಗಾಳಿಯ ಪ್ರಮಾಣ ಮತ್ತು ದೇಹಕ್ಕಿಂತ ಎಷ್ಟು ಸಡಿಲವಿರಬಹುದು ಎಂಬುದಕ್ಕೆ ಕಟ್ಟುನಿಟ್ಟಿನ ಮಿತಿಗಳಿವೆ. 2022ರ ಬೀಜಿಂಗ್ ಒಲಿಂಪಿಕ್ಸ್‌ನ ಮಿಶ್ರ ತಂಡ ಸ್ಪರ್ಧೆಯಲ್ಲಿ ನಾಲ್ಕು ದೇಶಗಳ ಐವರು ಮಹಿಳೆಯರನ್ನು ಪೋಷಾಕಿನ ಕಾರಣಕ್ಕಾಗಿ ಅನರ್ಹಗೊಳಿಸಲಾಯಿತು. ಪದಕದ ನಿರೀಕ್ಷೆಯಲ್ಲಿದ್ದ ತಂಡಗಳು ಹಿಂದೆ ಬಿದ್ದ ಈ ಘಟನೆಯು ತಪಾಸಣೆಯ ವಿಧಾನದ ಬಗ್ಗೆ ತೀವ್ರ ಚರ್ಚೆಗೆ ಕಾರಣವಾಯಿತು. 2025ರ ಮಾರ್ಚ್‌ನಲ್ಲಿ ನಾರ್ವೆಯ ಟ್ರೊಂಡ್‌ಹೈಮ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಆತಿಥೇಯ ತಂಡವೇ ತಪಾಸಣೆ ಮುಗಿದ ಪೋಷಾಕುಗಳಲ್ಲಿ ಅಕ್ರಮವಾಗಿ ಬದಲಾವಣೆ ಮಾಡಿದ್ದು ಬೆಳಕಿಗೆ ಬಂದಿತು. ದೊಡ್ಡ ದಿಬ್ಬದ ಸ್ಪರ್ಧೆಯಲ್ಲಿ ಆ ತಂಡದ ಇಬ್ಬರು ಜಿಗಿತಗಾರರು ಅನರ್ಹಗೊಂಡರು.

ಮಹಿಳೆಯರ ಸ್ಕೀ ಜಿಗಿತ

ಮಹಿಳೆಯರು ಈ ಕ್ರೀಡೆಯ ಆರಂಭದ ದಿನಗಳಿಂದಲೂ ಜಿಗಿಯುತ್ತಿದ್ದರು. 1862ರ ಟ್ರೈಸಿಲ್ ಸ್ಪರ್ಧೆಯಲ್ಲಿ ಇಂಗ್ರಿಡ್ ಓಲ್ಸ್‌ಡಾಟರ್ ವೆಸ್ಟ್‌ಬಿ ಜಿಗಿದ ದಾಖಲೆಯಿದೆ. 1911ರಲ್ಲಿ ಆಸ್ಟ್ರಿಯದ ಪೌಲಾ ಲಾಂಬರ್ಗ್ ಉದ್ದನೆಯ ಲಂಗ ಧರಿಸಿಯೇ 22 ಮೀಟರ್ ಜಿಗಿದರು. 1938ರಲ್ಲಿ ನಾರ್ವೆಯ ಯೊಹಾನ್ನೆ ಕೋಲ್‌ಸ್ಟಾಡ್ ಅಮೆರಿಕದಲ್ಲಿ 72 ಮೀಟರ್ ದೂರ ಸಾಧಿಸಿದರು. ಆದರೂ ಜಿಗಿದು ಇಳಿಯುವ ಆಘಾತವು ಮಹಿಳೆಯರ ದೇಹಕ್ಕೆ ಹಾನಿಕರ ಎಂಬ ನಂಬಿಕೆ ಬಹುಕಾಲ ಉಳಿಯಿತು. ಅಂತರರಾಷ್ಟ್ರೀಯ ಸ್ಕೀ ಒಕ್ಕೂಟದ ಅಂದಿನ ಅಧ್ಯಕ್ಷ ಜಾನ್ ಫ್ರಾಂಕೊ ಕಾಸ್ಪರ್ 2005ರಲ್ಲಿಯೂ ಇದೇ ಅರ್ಥದ ಮಾತನ್ನಾಡಿದ್ದರು.

2006ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯು 2010ರ ವ್ಯಾಂಕೂವರ್ ಕ್ರೀಡಾಕೂಟದಲ್ಲಿ ಮಹಿಳೆಯರ ಸ್ಪರ್ಧೆಯನ್ನು ಸೇರಿಸಲು ನಿರಾಕರಿಸಿತು. ಸ್ಪರ್ಧಿಗಳ ಮತ್ತು ದೇಶಗಳ ಸಂಖ್ಯೆ ಸಾಲದು ಎಂಬುದು ಅದು ನೀಡಿದ ಕಾರಣ. ಹಲವು ದೇಶಗಳ ಜಿಗಿತಗಾರ್ತಿಯರು ವ್ಯಾಂಕೂವರ್ ಸಂಘಟನಾ ಸಮಿತಿಯ ವಿರುದ್ಧ ಕೆನಡಾದ ನ್ಯಾಯಾಲಯದಲ್ಲಿ ಮೊಕದ್ದಮೆ ಹೂಡಿದರು. 2009ರ ಜುಲೈನಲ್ಲಿ ಬ್ರಿಟಿಷ್ ಕೊಲಂಬಿಯದ ಸುಪ್ರೀಂ ಕೋರ್ಟ್ ತೀರ್ಪು ನೀಡಿ, ಮಹಿಳೆಯರು ತಾರತಮ್ಯಕ್ಕೆ ಒಳಗಾಗಿರುವುದು ನಿಜವೆಂದು ಒಪ್ಪಿತು. ಆದರೆ ಆ ನಿರ್ಧಾರವು ಒಲಿಂಪಿಕ್ ಸಮಿತಿಯದಾದ್ದರಿಂದ ಮತ್ತು ಕೆನಡಾದ ಹಕ್ಕುಗಳ ಸನ್ನದು ಅದಕ್ಕೆ ಅನ್ವಯಿಸದ್ದರಿಂದ ಪರಿಹಾರ ನೀಡಲು ಸಾಧ್ಯವಿಲ್ಲವೆಂದು ಹೇಳಿತು. ಮೇಲ್ಮನವಿಯೂ ತಿರಸ್ಕೃತವಾಯಿತು. ಅದೇ ವರ್ಷ ಜೆಕ್ ಗಣರಾಜ್ಯದ ಲಿಬೆರೆಟ್ಸ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಮೊದಲ ಬಾರಿಗೆ ಮಹಿಳೆಯರ ಸ್ಪರ್ಧೆ ನಡೆದು, ಮೊಕದ್ದಮೆ ಹೂಡಿದವರಲ್ಲಿ ಒಬ್ಬರಾದ ಅಮೆರಿಕದ ಲಿಂಡ್ಸಿ ವಾನ್ ಚಿನ್ನ ಗೆದ್ದಿದ್ದರು.

2011ರಲ್ಲಿ ಒಲಿಂಪಿಕ್ ಸಮಿತಿಯು ತನ್ನ ನಿಲುವನ್ನು ಬದಲಾಯಿಸಿತು. 2011–12ರಲ್ಲಿ ಮಹಿಳೆಯರ ವಿಶ್ವಕಪ್ ಆರಂಭವಾಗಿ, ಅಮೆರಿಕದ ಸಾರಾ ಹೆಂಡ್ರಿಕ್ಸನ್ ಅದರ ಮೊದಲ ವಿಜೇತರಾದರು. 2014ರ ಸೋಚಿ ಒಲಿಂಪಿಕ್ಸ್‌ನಲ್ಲಿ ಜರ್ಮನಿಯ ಕರೀನಾ ಫೋಗ್ಟ್ ಮೊದಲ ಚಿನ್ನದ ಪದಕ ಪಡೆದರು. ಜಪಾನಿನ ಸಾರಾ ತಕನಾಶಿ ವಿಶ್ವಕಪ್‌ನಲ್ಲಿ 60ಕ್ಕೂ ಹೆಚ್ಚು ಗೆಲುವುಗಳನ್ನು ಗಳಿಸಿದ್ದಾರೆ. ಹಾರಾಟದ ದಿಬ್ಬದ ಮೇಲಿನ ಮಹಿಳೆಯರ ಮೊದಲ ವಿಶ್ವಕಪ್ ಸ್ಪರ್ಧೆಯು 2023ರ ಮಾರ್ಚ್‌ನಲ್ಲಿ ನಾರ್ವೆಯ ವಿಕರ್‌ಸುಂಡ್‌ನಲ್ಲಿ ನಡೆಯಿತು. ಎರಡು ವರ್ಷಗಳ ನಂತರ ಅದೇ ದಿಬ್ಬದಲ್ಲಿ ಸ್ಲೊವೇನಿಯದ ನೀಕಾ ಪ್ರೆವ್ಟ್ಸ್ 236 ಮೀಟರ್ ಜಿಗಿದು ಮಹಿಳೆಯರ ವಿಶ್ವದಾಖಲೆ ಸ್ಥಾಪಿಸಿದರು.

ಪ್ರಮುಖ ಸ್ಪರ್ಧೆಗಳು ಮತ್ತು ಸಾಧಕರು

ಒಲಿಂಪಿಕ್ಸ್ ಮತ್ತು ವಿಶ್ವ ಚಾಂಪಿಯನ್‌ಷಿಪ್‌ಗಳ ಜೊತೆಗೆ 1979–80ರಿಂದ ಪ್ರತಿ ಚಳಿಗಾಲದಲ್ಲಿ ವಿಶ್ವಕಪ್ ಸರಣಿ ನಡೆಯುತ್ತದೆ. 1953ರಲ್ಲಿ ಆರಂಭವಾದ ನಾಲ್ಕು ದಿಬ್ಬಗಳ ಪಂದ್ಯಾವಳಿಯು ಹೊಸ ವರ್ಷದ ಆಸುಪಾಸಿನಲ್ಲಿ ಜರ್ಮನಿಯ ಓಬರ್ಸ್‌ಡೋರ್ಫ್ ಹಾಗೂ ಗಾರ್ಮಿಷ್-ಪಾರ್ಟೆನ್‌ಕಿರ್ಷನ್, ಆಸ್ಟ್ರಿಯದ ಇನ್ಸ್‌ಬ್ರುಕ್ ಹಾಗೂ ಬಿಷೋಫ್ಸ್‌ಹೋಫೆನ್‌ಗಳಲ್ಲಿ ನಡೆಯುತ್ತದೆ. ಒಂದೇ ಪಂದ್ಯಾವಳಿಯಲ್ಲಿ ನಾಲ್ಕೂ ದಿಬ್ಬಗಳಲ್ಲಿ ಗೆದ್ದ ಮೊದಲಿಗರು ಜರ್ಮನಿಯ ಸ್ವೆನ್ ಹನ್ನಾವಾಲ್ಡ್ (2001–02). ನಂತರ ಪೋಲೆಂಡಿನ ಕಮಿಲ್ ಸ್ಟೋಖ್ (2017–18) ಮತ್ತು ಜಪಾನಿನ ರ್‍ಯೋಯು ಕೊಬಯಾಶಿ (2018–19) ಇದೇ ಸಾಧನೆ ಮಾಡಿದರು.

ನಾರ್ವೆಯ ಬಿರ್ಗರ್ ರೂಡ್ 1932 ಮತ್ತು 1936ರ ಒಲಿಂಪಿಕ್ಸ್‌ಗಳಲ್ಲಿ ಚಿನ್ನ ಗೆದ್ದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ನಾಜಿಗಳ ಬಂಧನಶಿಬಿರದಲ್ಲಿದ್ದ ಅವರು 1948ರಲ್ಲಿ ಮರಳಿ ಬಂದು, 36ನೆಯ ವಯಸ್ಸಿನಲ್ಲಿ ಬೆಳ್ಳಿಯ ಪದಕ ಗಳಿಸಿದರು. ಫಿನ್‌ಲೆಂಡಿನ ಮಟ್ಟಿ ನುಕೆನೆನ್ 1988ರ ಕ್ಯಾಲ್ಗರಿ ಒಲಿಂಪಿಕ್ಸ್‌ನ ಮೂರೂ ಚಿನ್ನದ ಪದಕಗಳಲ್ಲಿ ಪಾಲು ಪಡೆದರು. ಸ್ವಿಟ್ಜರ್ಲೆಂಡಿನ ಸಿಮೋನ್ ಅಮ್ಮನ್ 2002 ಮತ್ತು 2010ರಲ್ಲಿ ತಲಾ ಎರಡರಂತೆ ನಾಲ್ಕು ವೈಯಕ್ತಿಕ ಚಿನ್ನಗಳನ್ನು ಗೆದ್ದರು. ಜಪಾನಿನ ನೊರಿಯಾಕಿ ಕಸಾಯ್ 1992ರಿಂದ 2018ರವರೆಗೆ ಎಂಟು ಒಲಿಂಪಿಕ್ಸ್‌ಗಳಲ್ಲಿ ಭಾಗವಹಿಸಿ, 2014ರಲ್ಲಿ 41ನೆಯ ವಯಸ್ಸಿನಲ್ಲಿ ವೈಯಕ್ತಿಕ ಬೆಳ್ಳಿಯನ್ನು ಪಡೆದರು.

ಸ್ಕೀ ಹಾರಾಟ ಮತ್ತು ದೂರದ ದಾಖಲೆಗಳು

ಸ್ಲೊವೇನಿಯದ ಪ್ಲಾನಿತ್ಸಾ ಕಣಿವೆಯಲ್ಲಿ 1930ರ ದಶಕದಲ್ಲಿ ನಿರ್ಮಾಣವಾದ ದೊಡ್ಡ ದಿಬ್ಬವು ಸ್ಕೀ ಹಾರಾಟಕ್ಕೆ ದಾರಿ ಮಾಡಿತು. 1936ರಲ್ಲಿ ಆಸ್ಟ್ರಿಯದ ಸೆಪ್ ಬ್ರಾಡ್ಲ್ ಅಲ್ಲಿ 101.5 ಮೀಟರ್ ಜಿಗಿದು 100 ಮೀಟರ್ ದಾಟಿದ ಮೊದಲಿಗರಾದರು. 1994ರಲ್ಲಿ ಫಿನ್‌ಲೆಂಡಿನ ಟೋನಿ ನಿಯೆಮಿನೆನ್ ಅದೇ ಪ್ಲಾನಿತ್ಸಾದಲ್ಲಿ 203 ಮೀಟರ್ ತಲುಪಿದರು. 250 ಮೀಟರಿನ ಗಡಿಯನ್ನು 2015ರಲ್ಲಿ ಸ್ಲೊವೇನಿಯದ ಪೀಟರ್ ಪ್ರೆವ್ಟ್ಸ್ ವಿಕರ್‌ಸುಂಡ್‌ನಲ್ಲಿ ಮುಟ್ಟಿದರು. 2025ರ ಮಾರ್ಚ್ 30ರಂದು ಅವರ ತಮ್ಮ ಡೊಮೆನ್ ಪ್ರೆವ್ಟ್ಸ್ ಪ್ಲಾನಿತ್ಸಾದಲ್ಲಿ 254.5 ಮೀಟರ್ ಜಿಗಿದು ವಿಶ್ವದಾಖಲೆ ಸ್ಥಾಪಿಸಿದರು. ಮಹಿಳೆಯರ ದಾಖಲೆ ಸ್ಥಾಪಿಸಿದ ನೀಕಾ ಇವರ ತಂಗಿ.

2024ರ ಏಪ್ರಿಲ್‌ನಲ್ಲಿ ಐಸ್‌ಲೆಂಡಿನ ಅಕುರೇರಿ ಬಳಿ ವಿಶೇಷವಾಗಿ ನಿರ್ಮಿಸಿದ ದಿಬ್ಬದಲ್ಲಿ ಕೊಬಯಾಶಿ 291 ಮೀಟರ್ ಜಿಗಿದರು. ಅದು ಒಕ್ಕೂಟದ ನಿಯಮಗಳಡಿ ನಡೆದ ಸ್ಪರ್ಧೆಯಲ್ಲದ ಕಾರಣ ಅಧಿಕೃತ ದಾಖಲೆಯಾಗಿ ಮಾನ್ಯವಾಗಲಿಲ್ಲ. ಸಾಕಷ್ಟು ದೊಡ್ಡ ದಿಬ್ಬವಿದ್ದರೆ ಇನ್ನೂ ದೂರ ಹಾರಬಹುದೆಂಬುದು ಇದರಿಂದ ಸ್ಪಷ್ಟವಾಯಿತು. ಅಧಿಕೃತ ಸ್ಪರ್ಧೆಗಳಲ್ಲಿ ದೂರಕ್ಕೆ ಮಿತಿ ಹಾಕುವುದು ಮುಖ್ಯವಾಗಿ ದಿಬ್ಬದ ಗಾತ್ರವನ್ನು ನಿರ್ಬಂಧಿಸುವ ನಿಯಮಗಳೇ ಆಗಿವೆ.

ಸುರಕ್ಷತೆ

ಇಳಿಜಾರಿನ ರಚನೆಯಿಂದಾಗಿ ಸಾಮಾನ್ಯ ಜಿಗಿತವು ನೋಡುವವರು ಭಾವಿಸುವಷ್ಟು ಅಪಾಯಕಾರಿಯಲ್ಲ. ಆದರೆ ಗಾಳಿಯಲ್ಲಿ ಸಮತೋಲನ ತಪ್ಪಿದರೆ ಅಥವಾ ಸ್ಕೀ ಕಳಚಿಕೊಂಡರೆ ತೀವ್ರ ಗಾಯಗಳಾಗಬಹುದು. 2016ರ ಜನವರಿಯಲ್ಲಿ ಆಸ್ಟ್ರಿಯದ ಕುಲ್ಮ್ ದಿಬ್ಬದಲ್ಲಿ ಸ್ಪರ್ಧೆಗೆ ಮುನ್ನ ದಿಬ್ಬವನ್ನು ಪರೀಕ್ಷಿಸಲು ಜಿಗಿದ ಲೂಕಸ್ ಮ್ಯೂಲರ್ ಬಿದ್ದು ಬೆನ್ನುಹುರಿಗೆ ಪೆಟ್ಟು ಮಾಡಿಕೊಂಡರು. ಇದರಿಂದ ಅವರು ಭಾಗಶಃ ಪಾರ್ಶ್ವವಾಯುವಿಗೆ ತುತ್ತಾದರು. 2021ರ ಮಾರ್ಚ್‌ನಲ್ಲಿ ಪ್ಲಾನಿತ್ಸಾದಲ್ಲಿ ಬಿದ್ದ ನಾರ್ವೆಯ ಡೇನಿಯಲ್ ಆಂಡ್ರೆ ತಾಂಡೆ ಅವರನ್ನು ಕೆಲವು ದಿನ ಕೃತಕ ಪ್ರಜ್ಞಾಹೀನ ಸ್ಥಿತಿಯಲ್ಲಿಡಬೇಕಾಯಿತು. ಚೇತರಿಸಿಕೊಂಡ ಅವರು ಮತ್ತೆ ಸ್ಪರ್ಧೆಗೆ ಮರಳಿದರು.

1988ರ ಒಲಿಂಪಿಕ್ಸ್‌ನಲ್ಲಿ ಬ್ರಿಟನ್ನಿನ ಮೈಕೆಲ್ ಎಡ್ವರ್ಡ್ಸ್ ಎರಡೂ ವೈಯಕ್ತಿಕ ಸ್ಪರ್ಧೆಗಳಲ್ಲಿ ಕೊನೆಯ ಸ್ಥಾನ ಪಡೆದರೂ 'ಎಡ್ಡಿ ದಿ ಈಗಲ್' ಎಂಬ ಹೆಸರಿನಿಂದ ಜನಪ್ರಿಯರಾದರು. ಅದರ ನಂತರ ಒಲಿಂಪಿಕ್ಸ್‌ಗೆ ಅರ್ಹತೆ ಪಡೆಯುವ ನಿಯಮಗಳನ್ನು ಬಿಗಿಗೊಳಿಸಲಾಯಿತು. ಅನುಭವ ಸಾಲದ ಸ್ಪರ್ಧಿಗಳಿಗೆ ಅಪಾಯವಾಗದಿರಲಿ ಎಂಬುದೂ ಇದರ ಹಿಂದಿನ ಉದ್ದೇಶಗಳಲ್ಲಿ ಒಂದು.

ಬೇಸಗೆಯ ಜಿಗಿತ

ಪೂರ್ವ ಜರ್ಮನಿಯ ಹಾನ್ಸ್ ರೆನ್ನರ್ 1954ರಲ್ಲಿ ಇಳಿಜಾರಿಗೆ ಪ್ಲಾಸ್ಟಿಕ್ ಹಾಸನ್ನು ಹೊದಿಸುವ ವಿಧಾನವನ್ನು ರೂಪಿಸಿದರು. ನೀರು ಚಿಮುಕಿಸಿದ ಈ ಹಾಸಿನ ಮೇಲೆ ಹಿಮವಿಲ್ಲದ ತಿಂಗಳುಗಳಲ್ಲಿಯೂ ಅಭ್ಯಾಸ ಮಾಡಬಹುದು. 1994ರಿಂದ ಬೇಸಗೆಯ ಅಂತರರಾಷ್ಟ್ರೀಯ ಸರಣಿಯೂ ನಡೆಯುತ್ತಿದೆ. ಚಳಿಗಾಲದ ಆರಂಭದಲ್ಲಿ ಹಿಮದ ಲಭ್ಯತೆ ಅನಿಶ್ಚಿತವಾಗುತ್ತಿರುವುದರಿಂದ ಈ ಹಾಸಿನ ಮಹತ್ವ ಹೆಚ್ಚಿದೆ. 2022ರ ನವೆಂಬರ್‌ನಲ್ಲಿ ಪೋಲೆಂಡಿನ ವಿಸ್ವಾದಲ್ಲಿ ವಿಶ್ವಕಪ್‌ನ ಆರಂಭಿಕ ಸ್ಪರ್ಧೆಯನ್ನು ಹಿಮದ ಬದಲು ಪ್ಲಾಸ್ಟಿಕ್ ಹಾಸಿನ ಮೇಲೆಯೇ ನಡೆಸಲಾಯಿತು.